ಪುಕ್ಕಟೆ ಆಟ, ಒಂಟಿ ಕಸುಬು: ಪ್ರಯೋಗಾತ್ಮಕ ಫ್ರೀವೇರ್ ಆಟಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಒಬ್ಬರೇ ಕೂತು ಕೋಡ್ ಬರೆದು, ಚಿತ್ರ ಬಿಡಿಸಿ, ಸಂಗೀತ ಕೂಡಿಸಿ, ಕೊನೆಗೆ ದುಡ್ಡು ಕೇಳದೆ ಊರಿಗೆಲ್ಲ ಹಂಚಿಬಿಟ್ಟ ಕಂಪ್ಯೂಟರ್ ಆಟಗಳ ಬಗ್ಗೆ ಹೊಸಬರು ಕೇಳುವ ಪ್ರಶ್ನೆಗಳಿವು. ಹಣ ಕಳಿಸುವ ಭಾಗ ಭಾರತದಲ್ಲಿ ಇರುವವರನ್ನು ಮನಸ್ಸಲ್ಲಿಟ್ಟು ಬರೆದದ್ದು. ಹೊರದೇಶದ ಕನ್ನಡಿಗರಿಗೆ ಆ ತಾಪತ್ರಯ ಅಷ್ಟಿಲ್ಲ, ದಾಟಿಕೊಂಡು ಹೋಗಬಹುದು.

ಫ್ರೀವೇರ್, ಓಪನ್ ಸೋರ್ಸ್, ಫ್ರೀ-ಟು-ಪ್ಲೇ ಮೂರೂ ಒಂದೇ ಅಲ್ಲವೇ?

ಅಲ್ಲ. ಇಂಗ್ಲಿಷಿನಲ್ಲಿ ಎಲ್ಲಕ್ಕೂ ‘ಫ್ರೀ’ ಅನ್ನುವುದರಿಂದ ಈ ಗೊಂದಲ. ಕನ್ನಡದಲ್ಲಿ ಉಚಿತ ಬೇರೆ, ಮುಕ್ತ ಬೇರೆ. ಫ್ರೀವೇರ್ ಉಚಿತ ಮಾತ್ರ: ಆಡಲು ಕಾಸು ಕೊಡಬೇಕಿಲ್ಲ, ಆದರೆ ಹಕ್ಕು ಪೂರ್ತಿ ಮಾಡಿದವರದ್ದೇ. ಬದಲಾಯಿಸಲು, ಮಾರಲು, ಬೇರೆ ಕಡೆ ಏರಿಸಲು ಅವರ ಒಪ್ಪಿಗೆ ಬೇಕು. ಓಪನ್ ಸೋರ್ಸ್ ಆಟದಲ್ಲಿ ಮೂಲ ಕೋಡ್ ಜೊತೆಗೆ ಲೈಸೆನ್ಸೂ ಇರುತ್ತದೆ, ಏನು ಮಾಡಬಹುದೆಂದು ಅದೇ ಹೇಳುತ್ತದೆ. ಫ್ರೀ-ಟು-ಪ್ಲೇ ಅಂದರೆ ಒಳಗೆ ಅಂಗಡಿ ಇಟ್ಟುಕೊಂಡ ಆಟ, ಅದು ಈ ಪುಟದ ವಿಷಯವಲ್ಲ.

ಒಂದೇ ಆಟ ಬಣ್ಣ ಬದಲಿಸುವುದೂ ಉಂಟು. ಡೆರೆಕ್ ಯೂ ಅವರ ‘ಸ್ಪೆಲಂಕಿ’ 2008ರಲ್ಲಿ ಫ್ರೀವೇರ್ ಆಗಿ ಬಂತು, ಮರುವರ್ಷ ಅದರ ಸೋರ್ಸ್ ಹೊರಬಂತು, 2012ರಲ್ಲಿ ಹೊಸ ಚಿತ್ರಗಳೊಂದಿಗೆ ದುಡ್ಡಿನ ಆವೃತ್ತಿ ಬಂತು.

‘ಪ್ರಯೋಗಾತ್ಮಕ’ ಅಂದರೆ ಅರ್ಧಂಬರ್ಧ ಮಾಡಿದ್ದು ಅಂತಲೇ?

ಕೆಲವೊಮ್ಮೆ ಹೌದು, ಅದನ್ನು ಮುಚ್ಚಿಡುವುದು ಬೇಡ. ಆದರೆ ಒಳ್ಳೆಯ ಪ್ರಯೋಗ ಒಂದೇ ಒಂದು ಯೋಚನೆಯನ್ನು ಹಿಡಿದು ಕೊನೆತನಕ ಎಳೆಯುತ್ತದೆ, ಮಿಕ್ಕಿದ್ದನ್ನು ಬಿಟ್ಟುಬಿಡುತ್ತದೆ. ಜೇಸನ್ ರೋರರ್ 2007ರಲ್ಲಿ ಮಾಡಿದ ‘ಪ್ಯಾಸೇಜ್’ ನೋಡಿ. ಐದೇ ನಿಮಿಷದ ಆಟ. ಚಿತ್ರದ ಅಳತೆ 100 ಅಡ್ಡ, 16 ಉದ್ದ ಪಿಕ್ಸೆಲ್, ಒಂದು ಪಟ್ಟಿಯಷ್ಟೇ. ಆ ಪಟ್ಟಿಯಲ್ಲಿ ಒಬ್ಬ ಮನುಷ್ಯ ನಡೆಯುತ್ತಾ ಮುದುಕನಾಗುತ್ತಾನೆ. ಜೊತೆಗಾತಿ ಸಿಕ್ಕರೆ ಇಬ್ಬರೂ ಕಿರಿದಾದ ದಾರಿಯಲ್ಲಿ ತೂರಲಾರರು, ಹಾಗಾಗಿ ಕೆಲವು ನಿಧಿಗಳು ಕೈಗೆ ಎಟುಕುವುದಿಲ್ಲ. ಇಷ್ಟೇ ನಿಯಮ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ 2012ರಲ್ಲಿ ತನ್ನ ಸಂಗ್ರಹಕ್ಕೆ ಮೊದಲು ಸೇರಿಸಿಕೊಂಡ 14 ಆಟಗಳಲ್ಲಿ ಇದೂ ಒಂದು.

ಕಟ್ಟುಪಾಡು ಹಾಕಿಕೊಂಡು ಮಾಡುವುದೂ ಈ ಲೋಕದ ಹಳೆಯ ಪದ್ಧತಿ. 2005ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ನಾಲ್ವರು ವಿದ್ಯಾರ್ಥಿಗಳು ಹಾಕಿಕೊಂಡ ನಿಯಮ ಮೂರು: ಒಂದು ಆಟಕ್ಕೆ ಏಳು ದಿನದೊಳಗೆ ಮುಕ್ತಾಯ, ಒಂದು ಆಟಕ್ಕೆ ಒಬ್ಬರೇ, ಎಲ್ಲರಿಗೂ ಒಂದೇ ವಿಷಯ. ಅಲ್ಲಿ ಹುಟ್ಟಿದ ಪುಟ್ಟ ‘ಟವರ್ ಆಫ್ ಗೂ’ ಮುಂದೆ 2008ರ ‘ವರ್ಲ್ಡ್ ಆಫ್ ಗೂ’ ಆಯಿತು. ಲುಡಮ್ ಡೇರ್ ಸ್ಪರ್ಧೆ 2002ರಿಂದ ನಡೆಯುತ್ತಿದೆ. ಒಬ್ಬರೇ ಮಾಡುವ ವಿಭಾಗಕ್ಕೆ ಅಲ್ಲಿ 48 ಗಂಟೆ.

ಮೊದಲು ಯಾವುದನ್ನು ಆಡಲಿ?

ಹತ್ತು ನಿಮಿಷ ಇದ್ದರೆ ಮೇಲಿನ ‘ಪ್ಯಾಸೇಜ್’, ಇಲ್ಲವೇ ಬೆನೆಟ್ ಫಾಡಿಯ ‘ಕ್ವಾಪ್’ (2008). ‘ಕ್ವಾಪ್’ನಲ್ಲಿ ನಾಲ್ಕೇ ಕೀಲಿ: ಎರಡು ತೊಡೆಗೆ, ಎರಡು ಮೀನಖಂಡಕ್ಕೆ. ನೂರು ಮೀಟರ್ ಓಡಬೇಕು, ಎರಡು ಮೀಟರಿಗೇ ಮುಗ್ಗರಿಸಿದರೆ ಗಾಬರಿ ಬೇಡ, ಎಲ್ಲರೂ ಹಾಗೇ. ಒಂದು ಸಂಜೆ ಇದ್ದರೆ ಬ್ರೌಸರಿನಲ್ಲಿ ಆಡುವ ಅಕ್ಷರಗಳ ಆಟ ‘ಎ ಡಾರ್ಕ್ ರೂಮ್’ (2013). ಒಂದು ವಾರವೇ ಕೊಡಬಲ್ಲಿರಾದರೆ ‘ಕೇವ್ ಸ್ಟೋರಿ’: ಪಿಕ್ಸೆಲ್ ಎಂಬ ಹೆಸರಿನಲ್ಲಿ ದೈಸುಕೆ ಅಮಾಯಾ ಐದು ವರ್ಷ ಒಬ್ಬರೇ ದುಡಿದು 2004ರ ಡಿಸೆಂಬರಿನಲ್ಲಿ ಪುಕ್ಕಟೆ ಬಿಟ್ಟದ್ದು.

ನಮ್ಮ ದೇಶದ್ದು ಬೇಕೆಂದರೆ ಗುಜರಾತಿನ ಚಾಲಾದಲ್ಲಿರುವ ಸ್ಟುಡಿಯೋ ಓಲಿಯೋಮಿಂಗಸ್‌ನ ‘ಎ ಮ್ಯೂಸಿಯಂ ಆಫ್ ಡ್ಯೂಬಿಯಸ್ ಸ್ಪ್ಲೆಂಡರ್ಸ್’ (2018). ಕಟ್ಟುನಿಟ್ಟಾಗಿ ಒಂಟಿ ಕೆಲಸವಲ್ಲ, ಚಿಕ್ಕ ತಂಡದ್ದು. ಗೆಲ್ಲುವುದು ಸೋಲುವುದು ಅದರಲ್ಲಿಲ್ಲ, ಕತೆ ಓದುತ್ತಾ ಕೋಣೆಯಿಂದ ಕೋಣೆಗೆ ಅಲೆಯುವುದು ಅಷ್ಟೇ.

ಹೊಸದನ್ನು ಹುಡುಕಲು ಇಚ್.ಐಒ ತಾಣವೇ ದೊಡ್ಡ ಸಂತೆ (2013ರಲ್ಲಿ ಶುರುವಾದದ್ದು). ಬೆಲೆಯಲ್ಲಿ ‘ಫ್ರೀ’, ಟ್ಯಾಗಿನಲ್ಲಿ ‘ಎಕ್ಸ್‌ಪೆರಿಮೆಂಟಲ್’ ಆರಿಸಿ, ಆಮೇಲೆ ಜನಪ್ರಿಯತೆಯ ಪಟ್ಟಿ ಬಿಟ್ಟು ‘ಮೋಸ್ಟ್ ರೀಸೆಂಟ್’ ಒತ್ತಿ. ಹತ್ತರಲ್ಲಿ ಏಳು ಜೊಳ್ಳು ಸಿಗಬಹುದು. ಆದರೆ ಒಂದೂ ಕಾಮೆಂಟ್ ಇಲ್ಲದ ಪುಟದಲ್ಲಿ ನಿಮ್ಮ ಒಂದು ಮಾತಿಗೆ ಇರುವ ತೂಕ ಬೇರೆಲ್ಲೂ ಇರದು.

ಉಚಿತ ಅಂದರು, ಡೌನ್‌ಲೋಡ್ ಒತ್ತಿದರೆ ದುಡ್ಡು ಕೇಳುತ್ತಿದೆಯಲ್ಲ?

ಅದು ‘ನೇಮ್ ಯುವರ್ ಓನ್ ಪ್ರೈಸ್’ ಪದ್ಧತಿ. ಹಣದ ಪೆಟ್ಟಿಗೆಯ ಮೇಲ್ಭಾಗದಲ್ಲಿ ‘ನೋ ಥ್ಯಾಂಕ್ಸ್, ಜಸ್ಟ್ ಟೇಕ್ ಮಿ ಟು ದ ಡೌನ್‌ಲೋಡ್ಸ್’ ಅಂತ ಸಣ್ಣ ಅಕ್ಷರದ ಕೊಂಡಿ ಇರುತ್ತದೆ. ಅದನ್ನು ಒತ್ತಲು ಸಂಕೋಚ ಬೇಡ. ಮೊದಲು ಆಡಿ. ಹಿಡಿಸಿದರೆ ಅದೇ ಪುಟಕ್ಕೆ ವಾಪಸ್ ಬಂದು ಎಷ್ಟಾದರೂ ಕೊಡಬಹುದು.

ಕರಾವಳಿಯವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ‘ಆಟ’ ಅಂದರೆ ಯಕ್ಷಗಾನ. ಟೆಂಟಿನ ಆಟಕ್ಕೆ ಟಿಕೇಟು, ಹರಕೆ ಆಟಕ್ಕೆ ಬಯಲಲ್ಲಿ ಕೂತವರಿಗೆಲ್ಲ ಪುಕ್ಕಟೆ, ಯಾಕೆಂದರೆ ಖರ್ಚನ್ನು ಹರಕೆ ಹೊತ್ತವರು ವಹಿಸಿಕೊಂಡಿರುತ್ತಾರೆ. ಫ್ರೀವೇರಿನಲ್ಲಿ ಹರಕೆ ಹೊತ್ತವರೂ ವೇಷ ಕಟ್ಟಿದವರೂ ಒಬ್ಬರೇ.

ವಿಂಡೋಸ್ ನೀಲಿ ಪರದೆ ತೋರಿಸಿ ತಡೆಯುತ್ತಿದೆ. ವೈರಸ್ಸೇ?

ಬಹುತೇಕ ಅಲ್ಲ. ವಿಂಡೋಸ್‌ನ ಕಾವಲುಗಾರ ಸ್ಮಾರ್ಟ್‌ಸ್ಕ್ರೀನ್ ನೋಡುವುದು ಎರಡು ಸಂಗತಿ: ಫೈಲಿಗೆ ಪ್ರಮಾಣಪತ್ರದ ಸಹಿ ಇದೆಯೇ, ಸಾಕಷ್ಟು ಜನ ಇಳಿಸಿಕೊಂಡಿದ್ದಾರೆಯೇ. ಸಹಿಗೆ ವರ್ಷವರ್ಷ ದುಡ್ಡು ಕಟ್ಟಬೇಕು, ಪುಕ್ಕಟೆ ಆಟ ಕೊಡುವವರು ಕಟ್ಟುವುದಿಲ್ಲ. ಐವತ್ತು ಜನ ಆಡಿದ ಆಟಕ್ಕೆ ಹೆಸರೂ ಬಂದಿರುವುದಿಲ್ಲ. ಹೀಗಾಗಿ ತಡೆ. ‘ಮೋರ್ ಇನ್ಫೋ’ ಒತ್ತಿದರೆ ‘ರನ್ ಎನಿವೇ’ ಕಾಣುತ್ತದೆ.

ಹಾಗೆಂದು ಕಣ್ಣು ಮುಚ್ಚಿ ಒತ್ತಬೇಡಿ. ಮಾಡಿದವರ ಸ್ವಂತ ಪುಟದಿಂದಲೇ ಇಳಿಸಿ, ಫೈಲನ್ನು ವೈರಸ್‌ಟೋಟಲ್ ಎಂಬ ತಪಾಸಣೆ ತಾಣಕ್ಕೆ ಹಾಕಿ ನೋಡಿ. ಎಪ್ಪತ್ತು ಚಿಲ್ಲರೆ ತಪಾಸಣೆಗಳಲ್ಲಿ ಒಂದೆರಡು ಕೆಂಪಾದರೆ, ಅದರಲ್ಲೂ ‘ಜೆನೆರಿಕ್’ ಅಂತ ಹೆಸರಿದ್ದರೆ, ಸಾಮಾನ್ಯವಾಗಿ ಸುಳ್ಳು ಎಚ್ಚರಿಕೆ. ಪೈಥಾನ್ ಕೋಡನ್ನು ಒಂದೇ ಫೈಲಿಗೆ ಕಟ್ಟಿದ ಆಟಗಳಲ್ಲಿ ಇದು ಮಾಮೂಲು. ಹತ್ತಿಪ್ಪತ್ತು ಕೆಂಪಾದರೆ ಅಳಿಸಿಬಿಡಿ. ನಿನ್ನೆ ತೆರೆದ ಖಾತೆಯೊಂದು ‘ನನ್ನ ಆಟ ಪರೀಕ್ಷಿಸಿ ಕೊಡಿ’ ಎಂದು ಡಿಸ್ಕಾರ್ಡಿನಲ್ಲಿ ಪಾಸ್‌ವರ್ಡ್ ಹಾಕಿದ ಜಿಪ್ ಕಳಿಸಿದರೆ ಮುಟ್ಟಲೇಬೇಡಿ. ಪಾಸ್‌ವರ್ಡ್ ಹಾಕುವುದೇ ತಪಾಸಣೆ ತಪ್ಪಿಸಲು.

ಮ್ಯಾಕ್‌ನಲ್ಲಿ ಮೊದಲು ಬಲಕ್ಲಿಕ್ ಮಾಡಿ ‘ಓಪನ್’ ಅಂದರೆ ಸಾಕಿತ್ತು. 2024ರ ಸೆಕೋಯಾ ಆವೃತ್ತಿಯಿಂದ ಆ ದಾರಿ ಮುಚ್ಚಿದೆ. ಒಮ್ಮೆ ತೆರೆಯಲು ಪ್ರಯತ್ನಿಸಿ, ನಂತರ ಸಿಸ್ಟಮ್ ಸೆಟ್ಟಿಂಗ್ಸ್, ಪ್ರೈವಸಿ ಆ್ಯಂಡ್ ಸೆಕ್ಯುರಿಟಿಗೆ ಹೋಗಿ ಕೆಳಗಿರುವ ‘ಓಪನ್ ಎನಿವೇ’ ಒತ್ತಬೇಕು. ಲಿನಕ್ಸ್‌ನಲ್ಲಿ ಫೈಲಿನ ಗುಣಲಕ್ಷಣಗಳಲ್ಲಿ ಚಲಾಯಿಸುವ ಅನುಮತಿ ಕೊಡುವುದನ್ನು ಮರೆತಿರುತ್ತೀರಿ, ಅಷ್ಟೇ.

ಹಳೆಯ ಆಟ ತೆರೆಯುವುದೇ ಇಲ್ಲ, ಅಥವಾ ಅಕ್ಷರವೆಲ್ಲ ಕಲಸಿಹೋಗಿದೆ.

ಆರ್‌ಪಿಜಿ ಮೇಕರ್ ಎಂಬ ಆಟ ಕಟ್ಟುವ ಸಾಧನದ 2000 ಅಥವಾ 2003 ಆವೃತ್ತಿಯಲ್ಲಿ ಮಾಡಿದ ಆಟಗಳಿಗೆ ಆರ್‌ಟಿಪಿ ಎಂಬ ಚಿತ್ರ-ಧ್ವನಿಗಳ ಕಂತೆ ಬೇರೆಯಾಗಿ ಬೇಕಾಗಬಹುದು. ಅದಿಲ್ಲದಿದ್ದರೆ ‘ಫೈಲ್ ಸಿಗುತ್ತಿಲ್ಲ’ ಎಂದು ನಿಲ್ಲುತ್ತವೆ. ಜಪಾನಿ ಹೆಸರಿನ ಫೈಲುಗಳನ್ನು ಮಾಮೂಲಿ ರೀತಿಯಲ್ಲಿ ಬಿಚ್ಚಿದರೆ ಹೆಸರು ಕೆಟ್ಟು, ಆಟಕ್ಕೆ ತನ್ನದೇ ಫೈಲುಗಳು ಸಿಗುವುದಿಲ್ಲ. ಎರಡಕ್ಕೂ ಸುಲಭ ಮದ್ದು ಈ ಆಟಗಳನ್ನು ಓಡಿಸುವ ಈಸಿಆರ್‌ಪಿಜಿ ಪ್ಲೇಯರ್ ಎಂಬ ತಂತ್ರಾಂಶ. ‘ಯುಮೆ ನಿಕ್ಕಿ’ಯಂಥ ಆಟಗಳು ಅದರಲ್ಲಿ ಚೆನ್ನಾಗಿ ನಡೆಯುತ್ತವೆ.

ಬ್ರೌಸರಿನಲ್ಲಿ ಓಡುತ್ತಿದ್ದ ಹಳೆಯ ಫ್ಲ್ಯಾಶ್ ಆಟಗಳ ಕತೆ ಬೇರೆ. 2020ರ ಡಿಸೆಂಬರ್ 31ಕ್ಕೆ ಅಡೋಬಿ ಬೆಂಬಲ ನಿಲ್ಲಿಸಿತು, 2021ರ ಜನವರಿ 12ರಿಂದ ಪ್ಲೇಯರ್ ತಾನಾಗಿಯೇ ಓಡದಂತೆ ಮಾಡಿತು. ಈಗ ಫ್ಲ್ಯಾಶನ್ನು ಅನುಕರಿಸಿ ಓಡಿಸುವ ರಫಲ್ ಎಂಬ ಎಮ್ಯುಲೇಟರ್ ಇದೆ, ಫ್ಲ್ಯಾಶ್‌ಪಾಯಿಂಟ್ ಎಂಬ ದೊಡ್ಡ ಸಂಗ್ರಹ ಇದೆ. ಫ್ಲ್ಯಾಶ್‌ನ ಕೋಡ್ ಭಾಷೆಯಾದ ಆ್ಯಕ್ಷನ್‌ಸ್ಕ್ರಿಪ್ಟ್ 3ರಲ್ಲಿ ಬರೆದ ಆಟ ರಫಲ್‌ನಲ್ಲಿ ತಡವರಿಸಿದರೆ ಫ್ಲ್ಯಾಶ್‌ಪಾಯಿಂಟ್‌ನಲ್ಲಿ ಹುಡುಕಿ.

ಬ್ರೌಸರಿನಲ್ಲಿ ಆಡಿದೆ, ಮರುದಿನ ಉಳಿಸಿದ್ದೆಲ್ಲ ಮಾಯ.

ಇಚ್‌ನಲ್ಲಿ ಬ್ರೌಸರ್ ಆಟ ಇನ್ನೊಂದು ವಿಳಾಸದಿಂದ ಚೌಕಟ್ಟಿನೊಳಗೆ ತೆರೆದುಕೊಳ್ಳುತ್ತದೆ. ‘ಥರ್ಡ್ ಪಾರ್ಟಿ ಕುಕೀಸ್’ ತಡೆದಿದ್ದರೆ ಅದು ಏನನ್ನೂ ಬರೆದಿಡಲಾಗದು. ಇನ್‌ಕಾಗ್ನಿಟೊದಲ್ಲೂ ಉಳಿಯದು. ಸಫಾರಿಯಂತೂ ಏಳು ದಿನ ಆ ಕಡೆ ತಲೆಹಾಕದಿದ್ದರೆ ಇಂಥ ಸಂಗ್ರಹವನ್ನು ಗುಡಿಸಿಹಾಕುತ್ತದೆ. ಅರ್ಧ ಗಂಟೆಗಿಂತ ದೊಡ್ಡ ಆಟಕ್ಕೆ ಡೌನ್‌ಲೋಡ್ ಆವೃತ್ತಿ ಇದ್ದರೆ ಅದನ್ನೇ ಇಳಿಸಿ.

ಯಾವ ದಾರಿಯಲ್ಲಿ ಕೊಟ್ಟರೆ ಮಾಡಿದವರ ಕೈಗೆ ಹೆಚ್ಚು ಸೇರುತ್ತದೆ?

ಸಣ್ಣ ಮೊತ್ತದ ಶತ್ರು ಶೇಕಡಾವಾರು ಕಡಿತವಲ್ಲ, ಪ್ರತಿ ವಹಿವಾಟಿಗೂ ಬೀಳುವ ನಿಗದಿ ಶುಲ್ಕ. ಪಾವತಿ ಸಂಸ್ಥೆ ಶೇ. 2.9 ಮತ್ತು ಮೇಲೆ 30 ಸೆಂಟ್ ಹಿಡಿಯುತ್ತದೆ ಅಂದುಕೊಳ್ಳಿ. ಇಚ್‌ನ ಪಾಲು ಎಷ್ಟೆಂಬುದನ್ನು ಮಾರುವವರೇ ನಿಗದಿ ಮಾಡುತ್ತಾರೆ, ಬದಲಾಯಿಸದಿದ್ದರೆ ಶೇ. 10. ಒಂದು ಡಾಲರ್ ಕೊಟ್ಟರೆ 33 ಸೆಂಟ್ ಪಾವತಿಗೆ, 10 ಸೆಂಟ್ ತಾಣಕ್ಕೆ, ಮಾಡಿದವರಿಗೆ ಉಳಿಯುವುದು 57. ಐದು ಡಾಲರ್ ಒಟ್ಟಿಗೆ ಕೊಟ್ಟರೆ ಸುಮಾರು 4 ಡಾಲರ್ 5 ಸೆಂಟ್ ಸೇರುತ್ತದೆ. ಅದೇ ಐದನ್ನು ಒಂದೊಂದಾಗಿ ಐದು ಸಲ ಕೊಟ್ಟರೆ 2 ಡಾಲರ್ 85 ಸೆಂಟ್. ಮದುವೆಯ ಮುಯ್ಯಿಯ ಹಾಗೆ ಒಂದೇ ಸಲ ಕೊಟ್ಟುಬಿಡುವುದು ಲಾಭ.

ಕಾಣಿಕೆ ತಾಣವಾದ ಕೋ-ಫೈನಲ್ಲಿ ಒಂದು ಸಲದ ಕಾಣಿಕೆಗೆ ತಾಣದ ಕಡಿತ ಇಲ್ಲ, ಪಾವತಿ ಶುಲ್ಕ ಮಾತ್ರ. ತಿಂಗಳ ಚಂದಾ ತಾಣ ಪೇಟ್ರಿಯಾನ್ 2025ರ ಆಗಸ್ಟಿನಿಂದ ಹೊಸದಾಗಿ ಸೇರುವ ಆಟ ಮಾಡುವವರಿಂದ ಶೇ. 10 ತೆಗೆದುಕೊಳ್ಳುತ್ತದೆ. ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಸಾಮಾನ್ಯ ಕಡಿತ ಶೇ. 30, ಆದರೆ ರೂಪಾಯಿ ದರ, ಯುಪಿಐ ಇರುವುದರಿಂದ ನಮಗೆ ಸಲೀಸು. ಉಚಿತ ಆಟದ ಸಂಗೀತವನ್ನೋ, ಅದೇ ವ್ಯಕ್ತಿಯ ದುಡ್ಡಿನ ಆಟವನ್ನೋ ಕೊಳ್ಳುವುದೂ ಬೆಂಬಲವೇ. ಯಾವುದು ಇಷ್ಟ ಎಂದು ಅವರೇ ಪುಟದಲ್ಲಿ ಬರೆದಿದ್ದರೆ ನಿಮ್ಮ ಲೆಕ್ಕಾಚಾರ ಬಿಟ್ಟು ಅದನ್ನೇ ಮಾಡಿ.

ಭಾರತದ ಕಾರ್ಡ್ ತಿರಸ್ಕಾರವಾಗುತ್ತಿದೆ.

ಕ್ರಮವಾಗಿ ನೋಡಿ. ಮೊದಲು ಬ್ಯಾಂಕ್ ಆ್ಯಪ್‌ನಲ್ಲಿ ಅಂತಾರಾಷ್ಟ್ರೀಯ ಆನ್‌ಲೈನ್ ವಹಿವಾಟು ಚಾಲೂ ಇದೆಯೇ? 2020ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹೊಸ ಕಾರ್ಡಿನಲ್ಲಿ ಅದು ಮುಚ್ಚಿಯೇ ಬರುತ್ತದೆ. ತೆರೆದು, ಮಿತಿಯನ್ನು ಸಾವಿರ-ಎರಡು ಸಾವಿರಕ್ಕೆ ಇಟ್ಟು, ಕೆಲಸ ಮುಗಿದ ಮೇಲೆ ಮತ್ತೆ ಮುಚ್ಚಿ. ಎರಡನೆಯದು, ಕಾರ್ಡಿನ ಜಾಲ. ರುಪೇ ಹಿಡಿಯದ ಕಡೆ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಬೇಕು. ಮೂರನೆಯದಾಗಿ, ನೇರ ಕಾರ್ಡ್ ಕೈಕೊಟ್ಟರೆ ಪೇಪಾಲ್ ಮೂಲಕ ಪ್ರಯತ್ನಿಸಿ. 2021ರ ಏಪ್ರಿಲ್‌ನಿಂದ ಪೇಪಾಲ್ ಭಾರತದೊಳಗಿನ ಪಾವತಿ ನಿಲ್ಲಿಸಿದೆಯೇ ಹೊರತು ಹೊರದೇಶಕ್ಕೆ ಕೊಡುವುದನ್ನಲ್ಲ.

ತಿಂಗಳ ಚಂದಾ ಮಾತ್ರ ನಿಜಕ್ಕೂ ತಲೆನೋವು. 2021ರ ಅಕ್ಟೋಬರಿನಿಂದ ತಾನಾಗಿ ಕಡಿತವಾಗುವ ಕಾರ್ಡ್ ಪಾವತಿಗೆ ಇ-ಮ್ಯಾಂಡೇಟ್ (ಬ್ಯಾಂಕಿಗೆ ಮೊದಲೇ ಕೊಡುವ ಒಪ್ಪಿಗೆ) ನೋಂದಣಿ ಕಡ್ಡಾಯ. ಎಷ್ಟೋ ವಿದೇಶಿ ತಾಣಗಳು ಆ ವ್ಯವಸ್ಥೆಗೆ ಜೋಡಿಸಿಕೊಂಡಿಲ್ಲ. ಮೊದಲ ತಿಂಗಳು ಒಟಿಪಿ ಹಾಕಿ ಕೊಟ್ಟದ್ದು ಹೋಗುತ್ತದೆ, ಎರಡನೇ ತಿಂಗಳು ಸದ್ದಿಲ್ಲದೆ ವಿಫಲವಾಗುತ್ತದೆ, ನೀವು ಕೊಡುತ್ತಲೇ ಇದ್ದೀರಿ ಎಂದು ನಂಬಿಕೊಂಡಿರುತ್ತೀರಿ. ವರ್ಷದ ಮೊತ್ತವನ್ನು ಒಂದೇ ಸಲ ಕಾಣಿಕೆಯಾಗಿ ಕೊಡುವುದು ಇದಕ್ಕೆ ಪರಿಹಾರ. ಬ್ಯಾಂಕು ವಿದೇಶಿ ವಿನಿಮಯಕ್ಕೆಂದು ಸಾಮಾನ್ಯವಾಗಿ ಶೇ. 2ರಿಂದ 3.5ರಷ್ಟು ಸೇರಿಸಿ, ಅದರ ಮೇಲೆ ಜಿಎಸ್‌ಟಿ ಹಾಕುತ್ತದೆ, ಸ್ಟೇಟ್‌ಮೆಂಟ್ ನೋಡಿ ಬೆಚ್ಚಬೇಡಿ.

ಕೈಯಲ್ಲಿ ಕಾಸಿಲ್ಲ. ಬೇರೇನು ಮಾಡಬಹುದು?

ಒಳ್ಳೆಯ ದೋಷವರದಿ ಬರೆಯಿರಿ. ಒಂಟಿಯಾಗಿ ಮಾಡುವವರ ಹತ್ತಿರ ಇರುವುದು ಒಂದೋ ಎರಡೋ ಕಂಪ್ಯೂಟರ್. ನಿಮ್ಮ ಎಂಟು ವರ್ಷದ ಲ್ಯಾಪ್‌ಟಾಪಿನಲ್ಲಿ ಏನಾಗುತ್ತದೆಂದು ಅವರಿಗೆ ಗೊತ್ತಾಗುವ ಬಗೆಯೇ ಇಲ್ಲ. ‘ಆಟ ಕ್ರ್ಯಾಶ್ ಆಗುತ್ತೆ ಬ್ರೋ’ ಅಂದರೆ ಪ್ರಯೋಜನವಿಲ್ಲ. ಆಟದ ಆವೃತ್ತಿ, ಆಪರೇಟಿಂಗ್ ಸಿಸ್ಟಮ್, ಗ್ರಾಫಿಕ್ಸ್ ಚಿಪ್ಪಿನ ಹೆಸರು, ಏನು ಮಾಡುತ್ತಿದ್ದಾಗ ಆಯಿತು, ಅದೇ ಹೆಜ್ಜೆ ಮತ್ತೆ ಇಟ್ಟರೆ ಮತ್ತೆ ಆಗುತ್ತದೆಯೇ, ಐದರಲ್ಲಿ ಎಷ್ಟು ಸಲ, ಇಷ್ಟು ಬರೆಯಿರಿ. ಆಟ ತಾನು ಮಾಡಿದ್ದನ್ನು ಬರೆದಿಡುವ ಲಾಗ್ ಫೈಲ್ ಲಗತ್ತಿಸಿ. ವಿಂಡೋಸ್‌ನಲ್ಲಿ ಯೂನಿಟಿ ಎಂಬ ಎಂಜಿನ್ನಿನಲ್ಲಿ (ಆಟ ಕಟ್ಟುವ ತಂತ್ರಾಂಶ) ಮಾಡಿದ ಆಟದ್ದು ಆ್ಯಪ್‌ಡೇಟಾದೊಳಗಿನ ‘ಲೋಕಲ್‌ಲೋ’ ಫೋಲ್ಡರಿನಲ್ಲಿ, ಮಾಡಿದವರ ಹೆಸರಿನಡಿ ‘ಪ್ಲೇಯರ್.ಲಾಗ್’ ಎಂದಿರುತ್ತದೆ. ಗೋಡೋ ಎಂಬ ಇನ್ನೊಂದು ಎಂಜಿನ್ನಿನ ಆಟದ್ದು ಸಾಮಾನ್ಯವಾಗಿ ‘ರೋಮಿಂಗ್’ ಒಳಗೆ ಗೋಡೋ ಫೋಲ್ಡರಿನಲ್ಲಿ. ಕಳಿಸುವ ಮುನ್ನ ತೆರೆದು ನೋಡಿ, ಫೋಲ್ಡರ್ ದಾರಿಯಲ್ಲಿ ನಿಮ್ಮ ನಿಜವಾದ ಹೆಸರು ಇಣುಕುತ್ತಿರಬಹುದು.

ಮೆಚ್ಚುಗೆ ಬರೆಯುವಾಗಲೂ ಅಷ್ಟೇ, ‘ಸೂಪರ್’ಗಿಂತ ‘ಮೂರನೇ ಕೋಣೆಯಲ್ಲಿ ಸಂಗೀತ ನಿಂತಾಗ ಕೈ ತಡೆದುಹೋಯಿತು’ ಎಂಬ ಒಂದು ಸಾಲು ಹೆಚ್ಚು ಕೆಲಸ ಮಾಡುತ್ತದೆ. ಸಲಹೆ ಕೇಳಿರದಿದ್ದರೆ ‘ಇದಕ್ಕೆ ಮಲ್ಟಿಪ್ಲೇಯರ್ ಹಾಕಿ’ ಅನ್ನಬೇಡಿ.

ಆಟವನ್ನು ಕನ್ನಡಕ್ಕೆ ತಂದುಕೊಡಬಹುದೇ?

ತರಬಹುದು. ಮೊದಲು ಒಪ್ಪಿಗೆ ಕೇಳಿ, ಅದಕ್ಕೂ ಮುಂಚೆ ಒಂದೇ ಒಂದು ಸಾಲನ್ನು ಆಟದೊಳಗೆ ಹಾಕಿ ನೋಡಿ. ಅನುವಾದ ಮುಗಿದ ಮೇಲೆ ಒತ್ತಕ್ಷರ ಕೂಡುವುದಿಲ್ಲ ಎಂದು ಗೊತ್ತಾದರೆ ತಿಂಗಳ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಪರೀಕ್ಷೆಗೆ ‘ಕ್ಷೇತ್ರ, ಸ್ವಾತಂತ್ರ್ಯ, ಅರ್ಕಾವತಿ, ಕಣ್ಣೆತ್ತಿ’ ಸಾಕು. ಅರ್ಕಾವತ್ತು ‘ಕಾ’ ಆದಮೇಲೆ ಬರಬೇಕು, ತ್ರ್ಯ ಒಡೆಯಬಾರದು.

ಅಕ್ಷರಗಳನ್ನು ಕೂಡಿಸುವ ಕೆಲಸ ಫಾಂಟಿನದ್ದು ಮಾತ್ರವಲ್ಲ, ಎಂಜಿನ್ನಿನದ್ದೂ ಹೌದು. ಟ್ವೈನ್‌ನಂಥ ಬ್ರೌಸರ್ ಸಾಧನಗಳಲ್ಲಿ ಬ್ರೌಸರೇ ಕೂಡಿಸುತ್ತದೆ, ತೊಂದರೆಯಿಲ್ಲ. ಗೋಡೋ 3ರಲ್ಲಿ ಕನ್ನಡ ಚೂರುಚೂರು. 2023ರ ಗೋಡೋ 4ರಲ್ಲಿ ಅಕ್ಷರ ಕೂಡಿಸುವ ಹಾರ್ಫ್‌ಬಜ್ ಬಂದು ಸರಿಯಾಯಿತು. ಯೂನಿಟಿಯಲ್ಲಿ ಅಕ್ಷರ ಮೂಡಿಸುವ ಟೆಕ್ಸ್ಟ್‌ಮೆಶ್‌ಪ್ರೊ ಇನ್ನೂ ಕಾಟ ಕೊಡುತ್ತದೆ. ಪಿಕೊ-8 ಎಂಬ ಕಾಲ್ಪನಿಕ ಪುಟಾಣಿ ಆಟದ ಯಂತ್ರದ 128 ಅಡ್ಡ, 128 ಉದ್ದ ಪಿಕ್ಸೆಲ್ ಪರದೆಗೆ ಕನ್ನಡ ಫಾಂಟೇ ಇಲ್ಲ, ಬೇಕಾದ ಪದಗಳನ್ನು ಚಿತ್ರವಾಗಿ ಬಿಡಿಸಬೇಕು. ಫಾಂಟಿಗೆ ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ, ಟೀರೊ ಕನ್ನಡ ಇವೆ. ಮೂರೂ ಮುಕ್ತ ಪರವಾನಗಿಯವು, ಆಟದ ಜೊತೆ ಹಂಚಬಹುದು.

ಎಲ್ಲ ಸರಿಯಾದರೂ ಒಂದು ಹಳ್ಳ ಉಳಿದಿರುತ್ತದೆ: ಟೈಪ್‌ರೈಟರ್‌ನಂತೆ ಅಕ್ಷರಗಳು ಒಂದೊಂದಾಗಿ ಮೂಡುವ ಪರಿಣಾಮ. ಕಂಪ್ಯೂಟರಿಗೆ ‘ಕ್ಷ’ ಮೂರು ಸಂಕೇತ. ಹಾಗಾಗಿ ಪರದೆಯ ಮೇಲೆ ಕ, ಕ್, ಕ್ಷ ಎಂದು ಮಿನುಗುತ್ತದೆ. ಅರ್ಧಾಕ್ಷರದ ಗುರುತಿನ (‘ಕ್’ನಲ್ಲಿರುವುದು) ಬಳಿ ನಿಲ್ಲದೆ ಮುಂದಿನ ವ್ಯಂಜನ, ಅದರ ಸ್ವರ ಎಲ್ಲವನ್ನೂ ಒಟ್ಟಿಗೆ ತೋರಿಸುವಂತೆ ಕೋಡ್ ತಿದ್ದಿಸಿ. ಗೋಡೋ 4ರಲ್ಲಿ ‘ವಿಸಿಬಲ್ ಕ್ಯಾರೆಕ್ಟರ್ಸ್ ಬಿಹೇವಿಯರ್’ ಸೆಟ್ಟಿಂಗನ್ನು ಅಕ್ಷರ ಕೂಡಿದ ನಂತರ ಎಣಿಸುವ ಆಯ್ಕೆಗೆ ಬದಲಿಸಿದರೆ ಬಹುಪಾಲು ಸರಿಹೋಗುತ್ತದೆ. ಸಾಲಿನ ಎತ್ತರವನ್ನೂ ಹೆಚ್ಚಿಸಿ, ಇಲ್ಲದಿದ್ದರೆ ಕೆಳಗಿನ ಒತ್ತುಗಳನ್ನು ಮುಂದಿನ ಸಾಲು ನುಂಗುತ್ತದೆ.

ನಾನೇ ಒಂದು ಮಾಡಿ ಬಿಡಬೇಕು. ಖರ್ಚೆಷ್ಟು?

ಇಚ್‌ನಲ್ಲಿ ಏರಿಸಲು ಏನೂ ಇಲ್ಲ. ಸ್ಟೀಮ್‌ನಲ್ಲಿ ಒಂದು ಆಟಕ್ಕೆ 100 ಡಾಲರ್. ಸಾವಿರ ಡಾಲರ್ ವ್ಯಾಪಾರವಾದರೆ ಅದು ವಾಪಸ್, ಪೂರ್ತಿ ಉಚಿತ ಆಟಕ್ಕೆ ವಾಪಸ್ ಬರುವ ದಾರಿಯೇ ಇಲ್ಲ. ಆಟ ಮಾಡುವ ಸಾಧನಗಳಾದ ಗೋಡೋ, ಟ್ವೈನ್, ಬಿಟ್ಸಿ, ಪಜಲ್‌ಸ್ಕ್ರಿಪ್ಟ್ ಎಲ್ಲಕ್ಕೂ ಕಾಸಿಲ್ಲ.

ಬ್ರೌಸರ್ ಆಟವನ್ನು ಜಿಪ್ ಮಾಡುವಾಗ ಇಂಡೆಕ್ಸ್.ಎಚ್‌ಟಿಎಂಎಲ್ ಇರಬೇಕು. ಬಿಚ್ಚಿದ ಮೇಲೆ ಒಟ್ಟು 500 ಎಂಬಿ, 1,000 ಫೈಲು, ಒಂದೊಂದು ಫೈಲು 200 ಎಂಬಿ ಮೀರಬಾರದು. ‘ನನ್ನ ಕಂಪ್ಯೂಟರಿನಲ್ಲಿ ಓಡುತ್ತದೆ, ಇಚ್‌ನಲ್ಲಿ ಚಿತ್ರವೇ ಬರುವುದಿಲ್ಲ’ ಎಂಬ ದೂರಿಗೆ ಹತ್ತಕ್ಕೆ ಎಂಟು ಸಲ ಕಾರಣ ಫೈಲ್ ಹೆಸರಿನ ದೊಡ್ಡಕ್ಷರ-ಚಿಕ್ಕಕ್ಷರ. ವಿಂಡೋಸ್ ಎರಡನ್ನೂ ಒಂದೇ ಅಂದುಕೊಳ್ಳುತ್ತದೆ, ಸರ್ವರ್ ಅಂದುಕೊಳ್ಳುವುದಿಲ್ಲ. ಗೋಡೋ 4ರ ಆಟ ಖಾಲಿ ಪರದೆ ತೋರಿಸಿದರೆ 4.3 ಅಥವಾ ನಂತರದ ಆವೃತ್ತಿಯಲ್ಲಿ ಥ್ರೆಡ್ ಬೆಂಬಲ ಆರಿಸದೆ ಎಕ್ಸ್‌ಪೋರ್ಟ್ ಮಾಡಿ.

ಕಾಣಿಕೆ ಪಡೆಯಲು ಭಾರತದಲ್ಲಿ ಪೇಪಾಲ್ ಸದ್ಯಕ್ಕೆ ಹತ್ತಿರದ ದಾರಿ. ಪ್ಯಾನ್, ಬ್ಯಾಂಕ್ ಖಾತೆ, ಪರ್ಪಸ್ ಕೋಡ್ (ಹಣ ಯಾತಕ್ಕೆ ಬಂತೆಂಬ ಸಂಕೇತ) ಕೇಳುತ್ತದೆ. ಇನ್ನೊಂದು ಪಾವತಿ ಸಂಸ್ಥೆ ಸ್ಟ್ರೈಪ್ ಭಾರತದಲ್ಲಿ 2024ರಿಂದ ಆಹ್ವಾನ ಇದ್ದವರಿಗಷ್ಟೇ. ‘ಟಿಪ್’ ಎಂದು ಕರೆದ ಮಾತ್ರಕ್ಕೆ ಅದು ಆದಾಯವಲ್ಲವೆಂದಾಗದು, ತೆರಿಗೆ ಲೆಕ್ಕದಲ್ಲಿ ತೋರಿಸಬೇಕು.

ಪುಕ್ಕಟೆ ಕೊಟ್ಟರೆ ಮುಂದೆ ಯಾರೂ ಕೊಳ್ಳುವುದಿಲ್ಲ ಅನ್ನುತ್ತಾರೆ, ನಿಜವೇ?

ಎದುರು ಉದಾಹರಣೆಗಳು ಬೇಕಷ್ಟಿವೆ. 2015ರಲ್ಲಿ ನಾಲ್ಕು ದಿನದಲ್ಲಿ ಪಿಕೊ-8ಕ್ಕೆಂದು ಇಬ್ಬರು ಮಾಡಿದ ಉಚಿತ ‘ಸೆಲೆಸ್ಟ್’ 2018ರಲ್ಲಿ ದೊಡ್ಡ ಆಟವಾಯಿತು. ಆ್ಯಡಮ್ಸ್ ಸೋದರರ ‘ಡ್ವಾರ್ಫ್ ಫೋರ್ಟ್ರೆಸ್’ 2006ರಿಂದ ಕಾಣಿಕೆಯ ಮೇಲೆಯೇ ನಡೆದು, 2022ರ ಡಿಸೆಂಬರಿನಲ್ಲಿ ಸ್ಟೀಮ್‌ಗೆ ಬಂತು. ಹಳೆಯ ರೂಪ ಈಗಲೂ ಉಚಿತ. ಆದರೆ ಇವು ಗೆದ್ದವರ ಹೆಸರುಗಳು. ಹದಿನಾರು ವರ್ಷ ಕಾಯುವ ತಾಳ್ಮೆಯನ್ನು ಯೋಜನೆ ಎಂದು ಕರೆಯಲಾಗದು.

ನಿನ್ನೆ ಇದ್ದ ಆಟ ಇವತ್ತು ಹುಡುಕಿದರೆ ಸಿಗುತ್ತಿಲ್ಲ.

ಮಾಡಿದವರೇ ತೆಗೆದಿರಬಹುದು, ಅದು ಅವರ ಹಕ್ಕು. ತಾಣವೇ ಮರೆಮಾಡಿರಲೂಬಹುದು. 2025ರ ಜುಲೈನಲ್ಲಿ ಪಾವತಿ ಸಂಸ್ಥೆಗಳ ಒತ್ತಡಕ್ಕೆ ಇಚ್ ವಯಸ್ಕರ ವಿಷಯವೆಂದು ಗುರುತಿಸಿದ್ದನ್ನೆಲ್ಲ ಹುಡುಕಾಟದಿಂದ ತೆಗೆದಾಗ, ಒಂದು ಪೈಸೆ ಕೇಳದ ಆಟಗಳೂ ಜೊತೆಗೇ ಮರೆಯಾದವು. ಉಚಿತವಾದವನ್ನು ಆಮೇಲೆ ಹಂತಹಂತವಾಗಿ ಮರಳಿಸಿದರು. ನೇರ ವಿಳಾಸ ಬರೆದಿಟ್ಟುಕೊಂಡಿದ್ದವರಿಗೆ ಅನುಕೂಲವಾಯಿತು. ಇಷ್ಟವಾದ ಆಟದ ಜಿಪ್ ಫೈಲು, ಅದರೊಳಗಿನ ರೀಡ್‌ಮೀ (ಮಾಡಿದವರ ಟಿಪ್ಪಣಿ), ಇಳಿಸಿದ ದಿನಾಂಕ ಮೂರನ್ನೂ ಒಂದು ಫೋಲ್ಡರಿನಲ್ಲಿಡಿ. ನಿಮ್ಮ ಬಳಿ ಇಟ್ಟುಕೊಳ್ಳುವುದು ಬೇರೆ, ಮತ್ತೆ ಏರಿಸುವುದು ಬೇರೆ: ಎರಡನೆಯದಕ್ಕೆ ರೀಡ್‌ಮೀಯಲ್ಲಿ ಅನುಮತಿ ಇರಬೇಕು. ಶಾಲೆಯ ಲ್ಯಾಬಿನ ಹತ್ತು ಕಂಪ್ಯೂಟರಿಗೆ ಹಾಕುವುದಾದರೂ ಒಂದು ಸಾಲು ಬರೆದು ಕೇಳಿ, ಬಹಳಷ್ಟು ಜನ ಖುಷಿಯಿಂದ ಹೂಂ ಅನ್ನುತ್ತಾರೆ.

ಕಾಣಿಕೆಗೆ ಗುಂಡಿಯೇ ಇಲ್ಲ, ಮಾಡಿದವರು ಯಾರೆಂದೂ ಗೊತ್ತಿಲ್ಲ. ಹುಡುಕಿ ಕೊಡಲೇ?

ಬೇಡ. ‘ಯುಮೆ ನಿಕ್ಕಿ’ 2004ರಲ್ಲಿ ಬಂತು. ಮಾಡಿದವರು ಕಿಕಿಯಾಮಾ ಎಂಬ ಹೆಸರಿನಾಚೆಗೆ ಕಾಣಿಸಿಕೊಂಡಿಲ್ಲ. ಗುಂಡಿ ಇಡದಿರುವುದೂ ಒಂದು ಉತ್ತರವೇ. ಪುಟದಲ್ಲಿ ಮಿಂಚಂಚೆ ಇದ್ದರೆ ಆಟದ ಬಗ್ಗೆ ನಾಲ್ಕು ಸಾಲು ಬರೆಯಿರಿ, ಮರುತ್ತರ ನಿರೀಕ್ಷಿಸಬೇಡಿ. ಇಲ್ಲದಿದ್ದರೆ ಆ ಆಟ ಹಿಡಿಸಬಹುದಾದ ಒಬ್ಬರಿಗೆ ಮೂಲ ಪುಟದ ಕೊಂಡಿಯನ್ನು ಕಳಿಸಿ. ಜಿಪ್ ಫೈಲನ್ನಲ್ಲ, ಕೊಂಡಿಯನ್ನು.